ಗಡಗಡ ಗಾಡಿಯ ಮೂರು ರಬ್ಬರು

ಭಾನುವಾರ, ಮಧ್ಯಾಹ್ನದ ಊಟ ಆದ ಮೇಲೆ

ನನ್ನ ಮುದ್ದು ಪಿಟೀಲಿಗೆ,

ಅಪ್ಪ ನಾನು, ಗ್ರೀಸ್ ಮೆತ್ತಿದ ಕೈಯಲ್ಲೇ ಬರೆಯುತ್ತಿದ್ದೇನೆ. ಕಾಗದದ ಮೇಲಿನ ಕಲೆಗಳನ್ನೂ ಅಕ್ಷರ ಅಂತಲೇ ಓದಿಕೊ. ನನ್ನ ಅಕ್ಷರಕ್ಕಿಂತ ಅವೇ ದುಂಡಗಿವೆ.

ಫೋನ್ ಮಾಡಿದರೆ ಅರ್ಧದಲ್ಲೇ ಬಾಯಿ ಹಾಕುತ್ತೀಯ, ಅದಕ್ಕೇ ಪತ್ರ. ಹೋದ ವಾರ ನೀನು ಅಂದದ್ದು ಇನ್ನೂ ಕಿವಿಯಲ್ಲಿದೆ: "ಅಪ್ಪಾ, ಆಸ್ಪತ್ರೆಯಿಂದ ಮಗೂನ ಕರ್ಕೊಂಡು ಬರೋಕೆ ಆ ಗಡಗಡ ಗಾಡಿ ಮಾತ್ರ ತರಬೇಡ." ಹೆರಿಗೆಗೆ ಇನ್ನು ಎರಡೇ ವಾರ. ನಿನ್ನನ್ನು ತಂದ ಕಾರಲ್ಲೇ ನಿನ್ನ ಕೂಸನ್ನೂ ತರಬೇಕು ಅನ್ನೋದು ನನ್ನ ಎಷ್ಟೋ ವರ್ಷದ ಆಸೆ. ಅವತ್ತೂ ಕಾರು ನಡುಗುತ್ತಲೇ ಇತ್ತು, ನಿನಗೇನಾಯಿತು?

ಆದರೂ ನಿನ್ನ ಮಾತಲ್ಲಿ ತಪ್ಪಿಲ್ಲ. ನಮ್ಮ ಕಾರು ಮುದುಕಿಗೆ ನನಗಿಂತ ಹೆಚ್ಚು ವಯಸ್ಸು. ಸ್ಟಾರ್ಟ್ ಮಾಡಿದರೆ ಗೇರ್ ಕಡ್ಡಿ ಕುಣಿಯುತ್ತಿತ್ತು, ಕನ್ನಡಿಯಲ್ಲಿ ನನಗೆ ಎರಡು ಮೂಗು. ಇಂಜಿನ್ ಕೂರುವ ಮೂರು ರಬ್ಬರ್ ಮೌಂಟು ಎಣ್ಣೆ ಕುಡಿದು, ಸವೆದು, ಹಳೇ ಚಪ್ಪಲಿಯ ಹಿಮ್ಮಡಿ ಥರ ಆಗಿದ್ದವು.

ಹೊಸದು ತಂದೆ. ಇಂಜಿನ್ ಕೆಳಗೆ ಹಲಗೆ ಕೊಟ್ಟು, ಜಾಕ್ ಏರಿಸಿ, ಒಂದೊಂದಾಗಿ ಬದಲಾಯಿಸಿದೆ. ಬಡಗಿ ಕೈ ನನ್ನದು, ಸಡಿಲ ಕಂಡರೆ ಮೈಯೆಲ್ಲ ಉರಿ. ಕೂರಿಸಿದ ಕೂಡಲೇ ಬೋಲ್ಟನ್ನೆಲ್ಲ ಹಲ್ಲು ಕಚ್ಚಿ ಬಿಗಿದೆ. ಸ್ಟಾರ್ಟ್ ಮಾಡಿದರೆ ಮೊದಲಿಗಿಂತ ಜೋರು ನಡುಕ. ಗೋಡೆಯ ಮೇಲಿದ್ದ ಗರಗಸ ಕೂಡ ಹಾಡಿತು. ನನ್ನ ಮುಖ ಹುಳ್ಳಗಾಯಿತು.

ನಿಮ್ಮಮ್ಮ ಇಪ್ಪತ್ತು ವರ್ಷದಿಂದ ಶಾಲೆ ವ್ಯಾನ್ ಓಡಿಸುವವಳಲ್ಲವೇ, ಬಾಗಿಲಲ್ಲೇ ನಿಂತು ಕೇಳಿಸಿಕೊಂಡಳು. "ರೀ, ಹಿಡಿದು ಅದುಮಿದ್ರೆ ಮಕ್ಕಳೂ ಸೀಟಲ್ಲಿ ಕೂರಲ್ಲ. ಬೋಲ್ಟ್ ಸಡಿಲ ಬಿಟ್ಟು ಇಂಜಿನ್ ಓಡಿಸಿ. ಅದರ ಜಾಗ ಅದೇ ನೋಡ್ಕೊಳ್ಳುತ್ತೆ, ಆಮೇಲೆ ಬಿಗಿ ಮಾಡಿ."

ಹಾಗೇ ಮಾಡಿದೆ. ಇಂಜಿನ್ ಎರಡು ಸಲ ಮಗ್ಗುಲು ಬದಲಿಸಿ ತೆಪ್ಪಗೆ ಕೂತಿತು. ಆಮೇಲೆ ಬಿಗಿದೆ. ಈಗ ಗೇರ್ ಕಡ್ಡಿ ಮದುಮಗನ ಥರ ಗಂಭೀರ.

ಪರೀಕ್ಷೆಗೆ ನಿಮ್ಮಮ್ಮನನ್ನೇ ಹಿಂದಿನ ಸೀಟಲ್ಲಿ ಕೂರಿಸಿಕೊಂಡೆ. ನಾನು ಓಡಿಸಿದರೆ ಅವಳು ಇಲ್ಲದ ಬ್ರೇಕನ್ನು ಒತ್ತುತ್ತಲೇ ಇರುತ್ತಾಳೆ, ನಿನಗೆ ಗೊತ್ತಲ್ಲ. ಸೇತುವೆ ದಾಟಿದೆ, ಕಲ್ಲು ಹಾಸಿದ ಬೀದಿ ದಾಟಿದೆ, ತುಟಿಪಿಟಕ್ ಇಲ್ಲ. ಕೋಪವೇನೋ ಅಂತ ಹೆದರಿ ಗಾಡಿ ನಿಲ್ಲಿಸಿ ತಿರುಗಿ ನೋಡಿದರೆ, ಬಾಯಿ ತೆರೆದು ಗಾಢ ನಿದ್ದೆ. ನಿನ್ನ ಕೂಸಿಗೆ ಹೆಣೆಯುತ್ತಿದ್ದ ಟೋಪಿ ಮಡಿಲಲ್ಲಿ ಹಾಗೇ ಇತ್ತು. ಎಬ್ಬಿಸಲು ಮನಸ್ಸಾಗದೆ ಇನ್ನೆರಡು ಸುತ್ತು ಹೊಡೆದೆ.

ಈಗ ಹೇಳು, ತರಲೋ ಬೇಡವೋ? "ಹೂಂ" ಅಂತ ಬರೆದರೆ ಸಾಕು.

ಬೋಲ್ಟ್ ಬಿಗಿದು, ತಾತ ಆಗಲು ಕಾದಿರುವ
ನಿನ್ನ ಅಪ್ಪ

ತಾ.ಕ.: ನಿನ್ನನ್ನು ಆಸ್ಪತ್ರೆಯಿಂದ ತಂದ ದಿನ ಕಾರು ನಡುಗಿತು ಅಂದೆನಲ್ಲ, ಅದು ಸುಳ್ಳು. ಆಗ ರಬ್ಬರೆಲ್ಲ ಗಟ್ಟಿಮುಟ್ಟಾಗಿತ್ತು. ನೀನು ದಾರಿಯುದ್ದಕ್ಕೂ ಅಳುತ್ತ ಪಿಟೀಲು ಕುಯ್ಯುತ್ತಿದ್ದೆ, ನಡುಗುತ್ತಿದ್ದದ್ದು ನನ್ನ ಕೈ. ಅದಕ್ಕೆ ಇವತ್ತಿಗೂ ಬಿಡಿಭಾಗ ಸಿಕ್ಕಿಲ್ಲ. ಹಾಗಾಗಿ ಈ ಸಲ ಸ್ಟೇರಿಂಗ್ ನಿಮ್ಮಮ್ಮನ ಕೈಗೆ. ನಾನು ಹಿಂದೆ ಕೂತು ಇಲ್ಲದ ಬ್ರೇಕ್ ಒತ್ತುತ್ತೇನೆ.