ಸೂಪಿನ ತಳದ ಗೋಲಿಗಳು

ಮಾರ್ಚ್ ೧೨, ಗುರುವಾರ

ಮೈಯೆಲ್ಲ ಇನ್ನೂ ಉರಿಯುತ್ತಿದೆ. ಆ ಫೋಟೋಗ್ರಾಫರನ ಬಾಯಿಗೆ ಹುಳ ಬೀಳಲಿ.

ಸೂಪಿನ ಜಾಹೀರಾತು, ಅದಕ್ಕೆ 'ಅಮ್ಮನ ಕೈರುಚಿ' ಎಂಬ ಸಾಲು ಬೇರೆ. ನಿಜವಾದ ಅಮ್ಮನೇ ಇರಲಿ ಎಂದು ನಮ್ಮಮ್ಮನನ್ನು ಸ್ಟುಡಿಯೋಗೆ ಕರೆದುಕೊಂಡು ಹೋದೆ. ಅವಳು ಐದಕ್ಕೇ ಎದ್ದು, ತರಕಾರಿ ಹೆಚ್ಚಿ, ಒಂದು ಪಾತ್ರೆ ಸೂಪು ಮಾಡಿ, ಆರದಿರಲಿ ಎಂದು ಟವೆಲು ಸುತ್ತಿ ತಂದಿದ್ದಳು. ಫೋಟೋಗ್ರಾಫರ ಮುಚ್ಚಳ ತೆಗೆದು, "ಅಯ್ಯೋ, ಪಾತ್ರೆ ತೊಳೆದ ನೀರಿದ್ದ ಹಾಗಿದೆ. ಚೆಲ್ಲಿಬಿಡು, ನಮ್ಮದೇ ಮಾಡು" ಎಂದು ನನಗೆ ಹೇಳಿದ. ಅಮ್ಮನ ಎದುರಿಗೇ!

ನಮ್ಮದು ಎಂದರೆ, ತರಕಾರಿ ಮುಳುಗದಿರಲಿ ಎಂದು ಬಟ್ಟಲಿನ ತಳಕ್ಕೆ ಗಾಜಿನ ಗೋಲಿ, ಮೇಲೆ ಬಣ್ಣದ ನೀರು, ಹೊಳಪಿಗೆ ಗ್ಲಿಸರಿನ್. ಹಬೆ ಕಾಣಲಿ ಎಂದು ಬಟ್ಟಲಿನ ಹಿಂದೆ ಬಿಸಿನೀರಲ್ಲಿ ಅದ್ದಿದ ಹತ್ತಿ. ಒಂದು ಚಮಚ ಬಾಯಿಗಿಟ್ಟರೆ ಹಲ್ಲು ಮುರಿಯಬೇಕು. ಅದರ ಮುಂದೆ ಅಮ್ಮನನ್ನು ಕೂರಿಸಿ, "ಘಮಘಮ ಅಂತಿದೆ ಅನ್ನೋ ಹಾಗೆ ನಗಿ ಅಮ್ಮಾ" ಎಂದ. ನಕ್ಕಳು. ಹದಿನೇಳು ಸಲ.

ಅವನನ್ನು ಬೈದು ಏನು ಬಂತು? ಊಟವನ್ನು ಕ್ಯಾಮೆರಾಗೆ ಸಿಂಗರಿಸುವ ಕೆಲಸ ನನ್ನದು. ಗೋಲಿಯ ಉಪಾಯ ನನ್ನದು. ಅಮ್ಮನ ಪಾತ್ರೆಯನ್ನು ಸಿಂಕಿಗೆ ಬಗ್ಗಿಸಿದ ಕೈಯೂ ನನ್ನದೇ.

ಬಸ್ಸಿನಲ್ಲಿ ಅಮ್ಮ ಖಾಲಿ ಪಾತ್ರೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಇಳಿಯುವ ಮುಂಚೆ ಮೆಲ್ಲಗೆ ಕೇಳಿದಳು: "ಉಪ್ಪು ಜಾಸ್ತಿಯಾಗಿತ್ತೇನೇ?"

"ಇಲ್ಲಮ್ಮ, ಸರಿಯಾಗಿತ್ತು" ಎಂದೆ.

ಒಂದು ಚಮಚವನ್ನಾದರೂ ನಾನು ಬಾಯಿಗೆ ಹಾಕಿಕೊಂಡಿದ್ದರೆ ತಾನೇ ಗೊತ್ತಿರುವುದು.