ಮುಳುಗಿ ಏಳುವ ಹಡಗು

ನನ್ನ ಬಾಯಿಬಡುಕ ಅಪ್ಪನಿಗೆ,

ಬೇಡಕಿಹಾಳದ ಕಟ್ಟೆಯ ಮೇಲೆ ನೀನು ನನ್ನ ಮಾನ ಕಳೆದ ದಿನ ನೆನಪಿದೆಯಾ? ಹಡಗು ಕಟ್ಟುವ ಯಾರ್ಡಿನಿಂದ ರಜೆಗೆ ಬಂದಿದ್ದೆ. ಯಾರೋ ನನ್ನ ಕೆಲಸ ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ನೀನು, "ಮುಳಗೂ ಹಡಗ ಮಾಡ್ತಾಳ ನನ್ನ ಮಗಳು!" ಅಂದುಬಿಟ್ಟೆ. ಕಟ್ಟೆಯ ತುಂಬ ನಗು. "ಅಲ್ರಿ ಕಾಕಾ, ತೇಲೂ ಹಡಗ ಮಾಡಾಕ ಬರಂಗಿಲ್ಲೇನ್ರಿ ಆಕಿಗೆ?" ಎಂದು ಪಕ್ಕದ ಮನೆಯ ಶಿವಪ್ಪ ಕಾಲೆಳೆದ. ನೀನು ಬಿಡುವವನೇ? "ನಗ್ರಿ, ನಗ್ರಿ. ಎಮ್ಮಿ ಹಳ್ಳದಾಗ ಕೂತು ಏಳೂದಿಲ್ಲೇನ? ಹಂಗ ಏಳತೈತಿ ಅದು. ಮಾಡಾಕತ್ತಾಕಿ ಯಾರಂತ ತಿಳದೀರಿ?"

ಅದರ ಹಿಂದಿನ ದಿನವಷ್ಟೇ, ಎಮ್ಮೆಯ ಮೈ ತೊಳೆಯುತ್ತ ನೀನು ಎಲ್ಲ ಕೇಳಿ ತಿಳಿದುಕೊಂಡಿದ್ದೆ. ಬಂದರೇ ಇಲ್ಲದ ದಂಡೆಗೂ ಸೈನಿಕರನ್ನು, ಟ್ಯಾಂಕುಗಳನ್ನು ಇಳಿಸುವ ಯುದ್ಧನೌಕೆ ಅದು. ಅದರ ಹೊಟ್ಟೆಯೊಳಗೇ ಅಗಲ ತಳದ ದೋಣಿಗಳಿರುತ್ತವೆ. ದಂಡೆ ಹತ್ತಿರವಾದಾಗ ತಳದ ತೊಟ್ಟಿಗಳಿಗೆ ಸಮುದ್ರದ ನೀರು ತುಂಬಿಸಿಕೊಂಡು ಹಡಗಿನ ಹಿಂಭಾಗ ತಗ್ಗುತ್ತದೆ, ಹಿಂಬಾಗಿಲು ತೆರೆದರೆ ನೀರು ಒಳಗೆ ಬರುತ್ತದೆ, ದೋಣಿಗಳು ತೇಲಿ ಹೊರಡುತ್ತವೆ. ಆಮೇಲೆ ನೀರು ಹೊರಹಾಕಿ ಹಡಗು ಮತ್ತೆ ಏಳಬೇಕು. ತಗ್ಗಿಸಿ ಏಳಿಸುವ ಆ ಕೆಲಸ ನನ್ನ ತಂಡದ್ದು. ನೀನು ತಿಕ್ಕುವುದನ್ನು ನಿಲ್ಲಿಸಿ ಮೆಲ್ಲಗೆ, "ಮಗಳ, ಏಳದಿದ್ರ?" ಅಂದಿದ್ದೆ. ಒಳಗೆ ಅಷ್ಟು ಅಂಜಿಕೆ ಇಟ್ಟುಕೊಂಡು ಕಟ್ಟೆಯ ಮೇಲೆ ಅಷ್ಟು ಜೋರು ಮಾಡಿದೆಯಲ್ಲ, ನಿನ್ನನ್ನು ಏನೆನ್ನಲಿ...

ಚಿಕ್ಕೋಡಿಯ ಆಸ್ಪತ್ರೆಯಲ್ಲಿ ಕೊನೆಯ ಸಲ ನೋಡಿದಾಗಲೂ ನರ್ಸ್ ಮುಂದೆ ಅದೇ ಪುರಾಣ. "ಹಡಗಿನಾಗ ದವಾಖಾನಿನೂ ಐತ್ರಿ ಸಿಸ್ಟರ್, ಮ್ಯಾಲ ಹೆಲಿಕಾಪ್ಟರ್ ಇಳೀತೈತಿ. ತುಫಾನ್ ಬಂದ್ರ ಮಂದೀನ ಹೊತ್ಕೊಂಡ ಬರತೈತಿ." ಆಕೆ ನಿನ್ನ ಕೈಗೆ ಸೂಜಿ ಚುಚ್ಚಿದ್ದೂ ನಿನಗೆ ಗೊತ್ತಾಗಲಿಲ್ಲ. ಹಡಗನ್ನು ತಗ್ಗಿಸಿ ಏಳಿಸಿ ನೋಡುವ ಪರೀಕ್ಷೆಗೆ ಇನ್ನೂ ತಿಂಗಳುಗಳಿದ್ದವು. ನಿನಗೆ ಅಷ್ಟೇನು ಅವಸರವಿತ್ತು ಅಪ್ಪಾ?

ಮೊನ್ನೆ ಪರೀಕ್ಷೆ ಆಯಿತು. ಹಿಂಬಾಗಿಲು ತೆರೆದು ಸಮುದ್ರ ಒಳಗೆ ಬಂತು. ದೋಣಿ ಹೊರಟಿತು, ಮರಳಿನ ಮೇಲೆ ಟ್ರಕ್ಕು ಇಳಿಸಿ ವಾಪಸೂ ಬಂತು. ನೀರು ಹೊರಹಾಕಲು ಶುರುಮಾಡಿದೆವು. ಸ್ವಲ್ಪ ಹೊತ್ತು ಹಡಗು ಅಲುಗಲೇ ಇಲ್ಲ. ನೀನು ಊರಿಗೆಲ್ಲ ಕೊಟ್ಟ ಮಾತು ನನ್ನ ಕೈಯಲ್ಲಿ ಹಾಳಾಗುತ್ತದೇನೋ ಅನ್ನಿಸಿತು. ಆಮೇಲೆ ಆ ಇಡೀ ಹಡಗು, ಅಪ್ಪಾ, ಒಂದಿಷ್ಟೂ ವಾಲದೆ ನೆಟ್ಟಗೆ ಎದ್ದಿತು. ಹೆಮ್ಮೆ ತಡೆಯಲಾಗದೆ ಎಲ್ಲರೆದುರೇ ಅತ್ತುಬಿಟ್ಟೆ.

ಮನೆಗೆ ಫೋನ್ ಮಾಡಿದೆ. ಅವ್ವ ಎಂಥವಳೆಂದು ನಿನಗೆ ಗೊತ್ತಲ್ಲ, ನನ್ನ ಕೆಲಸದ ಬಗ್ಗೆ ಒಂದು ದಿನವೂ ತುಟಿ ಬಿಚ್ಚಿದವಳಲ್ಲ. "ಎದ್ದಿತೇನ?" ಅಂದಳು. "ಎದ್ದಿತವ್ವಾ." ಫೋನ್ ಇಟ್ಟಳೇನೋ ಅಂದುಕೊಂಡೆ. ಇಟ್ಟಿರಲಿಲ್ಲ. ಬಾಗಿಲ ಸದ್ದಾಯಿತು, ಬೀದಿಯ ಗದ್ದಲ ಕೇಳಿಸಿತು. ಅದರ ಮೇಲೆ ಅವಳ ದನಿ. ಅಷ್ಟು ದೊಡ್ಡ ದನಿ ಅವಳಿಗಿದೆಯೆಂದು ನಿನಗೂ ಗೊತ್ತಿರಲಿಕ್ಕಿಲ್ಲ.

"ಏ, ಯಾರ‍್ಯಾರ ಅದೀರಿ, ಬರ‍್ರಿ ಹೊರಗ! ನನ್ನ ಮಗಳ ಹಡಗ ಎದ್ದೈತಿ!"

ನಿನ್ನ ಮಗಳು,
ಸುಮಿ