ಸಪನಾಳ ಎಡ ಹುಬ್ಬು

೬ ಜನವರಿ ೨೦೨೫, ಸೋಮವಾರ

ಬೆಳಿಗ್ಗೆ ಆರಕ್ಕ ಶೆಡ್ಡಿನ್ಯಾಗ ಮೂರ್ತಿ ಮಣ್ಣಿಗೆ ನೀರು ಹೊಡದೆ. ಮ್ಯಾಲೆ ಹಸಿ ಗೋಣಿತಟ್ಟು, ಅದರ ಮ್ಯಾಲೆ ಪ್ಲಾಸ್ಟಿಕ್. ಏಳೂವರಿ ಬಸ್ಸಿಗೆ ಚಿಕ್ಕೋಡಿಯಿಂದ ಕಬ್ಬೂರ ಸಾಲಿಗೆ. ಎಂಟನೇತ್ತೆಗೆ ಕೊಡ, ಅದರ ನೆರಳು ಬರಿಸಿದೆ. ಒಂಬತ್ತನೇತ್ತೆ ಪಿರಿಯಡ್ ಗಣಿತದವ್ರು ಕಸಗೊಂಡ್ರು — ಪೋರ್ಷನ್ ಮುಗಿದಿಲ್ಲಂತ. ನಂದು ಯಾವಾಗ ಮುಗಿದಿತ್ತು? ಮಧ್ಯಾಹ್ನ ಹೆಡ್‌ಮಾಸ್ತರ ಕರದು ಟಾಯ್ಲೆಟ್ ಗ್ವಾಡಿ ಮ್ಯಾಲೆ ‘ಹುಡುಗಿಯರು’ ಬರೀರಿ ಅಂದ್ರು. ಮಳಿಗೆ ಅಳಿಸೇತಿ. ಬರದೆ. ಇಪ್ಪತ್ತೆಂಟು ವರ್ಷ ಡ್ರಾಯಿಂಗ್ ಮಾಸ್ತರ, ಚಿತ್ರಕಿಂತ ಬೋರ್ಡ್ ಬರದದ್ದ ಹೆಚ್ಚು.

ಸಂಜಿಕೆ ಮನಿ ಹಿಂದಿನ ಶೆಡ್. ಸಪನಾಳ ತಲಿ ತಂತಿ ಹಂದರದ ಮ್ಯಾಲೆ ಕುಂತೈತಿ, ಮೂಗು ಇನ್ನೂ ಇಲ್ಲ. ಕಬ್ಬೂರ ಹುಡುಗಿ. ಹೋದ ವರ್ಷ ಕಾಲುವಿಗೆ ಬಿದ್ದ ಎರಡು ಕೂಸುಗಳನ್ನ ದಂಡಿಗೆ ನೂಕಿ, ತಾನು ಸೆಳವಿಗೆ ಹೋದ್ಲು. ಇಪ್ಪತ್ತು ವಯಸ್ಸು. ಫೆಬ್ರುವರಿ ಇಪ್ಪತ್ತಕ್ಕ ವರ್ಷ ಆಗ್ತದ. ಅವತ್ತ ಬ್ರಿಜ್ ಹತ್ರ ಪುತ್ಥಳಿ ಕೂಡಸ್ತಾರ. ಪುತ್ಥಳಿ ಕಮಿಟಿಯ ಸತ್ತೆಪ್ಪ ಕೊಲ್ಲಾಪುರದ ಶಿಲ್ಪಿಗೆ ಕೊಡೂನು ಅಂದಿದ್ನಂತ. ತಾಯಿ ಹೊಳೆವ್ವ ಒಪ್ಪಲಿಲ್ಲ. “ನಮ್ ಡ್ರಾಯಿಂಗ್ ಸರ ಮಾಡ್ಲಿ. ಮೂರು ವರ್ಷ ಕಣ್ಣಾರೆ ನೋಡ್ಯಾರ.”

ಮೂರು ವರ್ಷ. ಎಂಟು, ಒಂಬತ್ತು, ಹತ್ತು. ಹಾಜರಿ ಪುಸ್ತಕದಾಗ ಹೆಸರೈತಿ. ಮುಖ ಬರವಲ್ದು... ಯಾರಿಗೂ ಹೇಳಿಲ್ಲ.

೧೨ ಜನವರಿ, ರವಿವಾರ

ಸಪನಾಳ ಫೋನೂ ಆಕಿ ಜೋಡಿ ನೀರಿಗೆ ಹೋಗೇತಿ. ಗೆಳತಿ ಮನೀಷಾ ತನ್ನ ಫೋನಿನ್ಯಾಗಿಂದ ಹನ್ನೊಂದು ಫೋಟೋ ವಾಟ್ಸಾಪ್ ಮಾಡಿದ್ಲು. ಎಲ್ಲಾ ಸೆಲ್ಫಿ, ಇಬ್ಬರೂ ತಲಿಗೆ ತಲಿ ಹಚ್ಚಿ. ಮನೀಷಾನ್ನ ಕಟ್ ಮಾಡಿ, ಸಪನಾಳ ಮುಖ ಅಷ್ಟ ದೊಡ್ಡದಾಗಿ ಪ್ರಿಂಟ್ ಹಾಕಿಸಿ ಗ್ವಾಡಿಗೆ ಹಚ್ಚೇನಿ. ಆಧಾರ್ ಕಾರ್ಡಿನ ಫೋಟೋನೂ ಕೊಟ್ಟಾರ. ಅದು ಸಪನಾನೂ ಇರಬಹುದು, ಸತ್ತೆಪ್ಪನೂ ಇರಬಹುದು.

ಮುಖಕ್ಕೊಂದು ಗುಣ ಐತಿ. ಬಲ ಹುಬ್ಬು ಚೂರು ಮ್ಯಾಲೆ. ನಕ್ಕಾಗ ತುಟೀನೂ ಅದ ಕಡೆ ಏರ್ತದ. ಇಂಥಾದ್ದು ಸಿಕ್ರ ಅರ್ಧ ಕೆಲಸ ಆದಂಗ. ಹಿಂದ ಮೂರ್ತಿ ಮಾಡಿದ ಅಥಣಿ ಸಾವಕಾರನ ಮುಖದಾಗ ಏನಂದ್ರ ಏನೂ ಸಿಗಲಿಲ್ಲ, ಮೀಸಿ ಮ್ಯಾಲೆ ನಡಸಿದೆ.

ಉಜ್ವಲಾ ಚಾ ತಂದು ನಿಂತು ನೋಡಿದ್ಲು. “ಮಾತಾಡ್ತಾಳ ಅನಸ್ತದ್ರಿ.” ನನ್ನ ಹೆಂಡ್ತಿ ಸುಮ್‌ಸುಮ್ನ ಹೊಗಳಾಕಿ ಅಲ್ಲ. ಕಾಗವಾಡಕ್ಕ ಮಾಡಿದ ಕುದರಿ ನೋಡಿ ‘ಹೊಟ್ಟಿ ಬಂದೈತಿ, ದವಾಖಾನಿಗೆ ಒಯ್ರಿ’ ಅಂದಾಕಿ.

೧೯ ಜನವರಿ, ರವಿವಾರ

ಕಮಿಟಿ ಬಂತು. ಸತ್ತೆಪ್ಪ ಮಣ್ಣಿನ ಬಾಜೂಕ ಫೋಟೋ ಹಿಡದು ನೋಡಿದ. “ಏಕ ನಂಬರ್ ಸರ! ಫೋಟೋ ಕಾಪಿ!” ಉಳಿದವ್ರೂ ಹೌದ್ಹೌದು ಅಂದ್ರು.

ಹೊಳೆವ್ವ ಬಾಗಲದಾಗ ನಿಂತಿದ್ಲು. ಹತ್ರ ಬಂದ್ಲು. ಭಾಳ ಹೊತ್ತು ನೋಡಿದ್ಲು.

“ಚಲೋ ಆಗೇತ್ರಿ. ಆದ್ರ ಇದು ನಮ್ ಹುಡುಗಿ ಅಲ್ರಿ.”

“ಎಲ್ಲೆ ತಪ್ಪೈತಿ ಹೇಳವ್ವಾ.”

“ನನಗೇನ್ ತಿಳೀತದ್ರಿ. ನೀವು ಕಲ್ತಾವ್ರು. ಆದ್ರ ಅಲ್ರಿ.”

ಕಣ್ಣಿನ ಅಂತರ, ಮೂಗು, ಗದ್ದ — ಕ್ಯಾಲಿಪರ್ ಹಿಡದು ಅಳದು ತೋರಿಸಿದೆ. “ಅದೆಲ್ಲಾ ಖರೇನ ಇರಬೇಕ್ರಿ,” ಅಂದ್ಲು. ಸಿಟ್ಟು ಬಂತು. ಇಷ್ಟು ವರ್ಷದ ಕೈ, ಒಬ್ಬಾಕಿ ಬಂದು ಅಲ್ಲ ಅಂದ್ರ? ಸತ್ತೆಪ್ಪ ನನ್ನ ಆಚಿ ಕರದು, “ತಾಯಿ ಕರಳು ಸರ, ಯಾವ್ದಕ್ಕೂ ಒಪ್ಪಂಗಿಲ್ಲ. ನೀವು ಅಚ್ಚು ತಗೀರಿ,” ಅಂದ.

ನಿಪ್ಪಾಣಿ ಸಂಭಾಜಿಗೆ ಫೋನ್ ಮಾಡಿದೆ. ಅಚ್ಚು ತಗಿಯಾವ ಅಂವ. ಫೆಬ್ರುವರಿ ಎರಡಕ್ಕ ಬರ್ತಾನ. ಅಚ್ಚು ತಗದಮ್ಯಾಲೆ ಮಣ್ಣು ಒಡದ ಹೋಗ್ತದ, ಮತ್ತ ತಿದ್ದೂದು ಇಲ್ಲ.

೨೩ ಜನವರಿ

ಹೊಳೆವ್ವ ಒಬ್ಬಾಕಿನ ಬಂದಿದ್ಲು. ಕಬ್ಬಿನ ಕಳೆ ಬಿಟ್ಟು, ಬಸ್ ಹತ್ತಿ. ಒಂದು ತಾಸು ಮಣ್ಣಿನ ಎದರಿಗೆ ಕುಂತ್ಲು. ತಕರಾರಿಲ್ಲ.

“ಆಕಿಗೊಬ್ಬ ಅಕ್ಕ ಇದ್ದಿದ್ರ ಹಿಂಗಿರತಿದ್ಲು ನೋಡ್ರಿ.”

ಆಮ್ಯಾಲೆ — “ನೀವೂ ನೋಡೀರಲ್ರಿ ಸರ. ನಿಮಗ ಹೆಂಗ ಅನಸ್ತದ?”

ಸರಿ ಐತಿ ಅಂದೆ. ಸುಳ್ಳಲ್ಲ. ಫೋಟೋಕ್ಕ ಸರಿ ಐತಿ.

೩೦ ಜನವರಿ

ಸ್ಟಾಫ್ ರೂಮಿನ ಕಪಾಟದಾಗ ಆಕಿ ಬ್ಯಾಚಿನ ಗ್ರೂಪ್ ಫೋಟೋ ಹುಡುಕಿದೆ. ಹಿಂದಿನ ಸಾಲು. ಮುಖ ತೊಗರಿಬ್ಯಾಳಿ ಅಷ್ಟ. ನಡುವ ನಾನೂ ಕುಂತೇನಿ ಖುರ್ಚಿ ಮ್ಯಾಲೆ, ಕೋಟ್ ಹಾಕ್ಕೊಂಡು. ನಾನು ಮಾತ್ರ ಚಂದ ಕಾಣ್ತೇನಿ.

ಕ್ಲಾಸಿನ್ಯಾಗ ಇವತ್ತೂ ಅದನ್ನ ಹೇಳಿದೆ. ಮೊದ್ಲು ನೋಡ್ರಿ, ಆಮ್ಯಾಲೆ ಬರೀರಿ.

೧ ಫೆಬ್ರುವರಿ, ಶನಿವಾರ, ಸಂಜಿ ೬

ನಾಳೆ ಸಂಭಾಜಿ ಬರಾವ. ಕಡೀ ಸಲ ನೋಡ್ತೀನಿ ಅಂತ ಹೊಳೆವ್ವ ಬಂದ್ಲು, ಮನೀಷಾನ್ನ ಕರಕೊಂಡು. ಮನೀಷಾನ್ನ ಎದರಾಎದರು ನೋಡಿದ್ದು ಇವತ್ತ.

ಹುಡುಗಿ ಫೋನ್ ತಗದು ಪೂರಾ ಫೋಟೋ ತೋರಸಾಕತ್ತಿದ್ಲು. ಫೋಟೋ ನೋಡಿದೆ. ಆಕೀನ್ನ ನೋಡಿದೆ. ಮತ್ತ ಫೋಟೋ.

“ಮೂಗುತಿ ಬದಲಿ ಮಾಡೀಯೇನವಾ?”

“ಇಲ್ರಿ ಸರ, ಯಾಕ್ರಿ?”

“ಫೋಟೋದಾಗ ಬಲಕ್ಕೈತಿ. ನಿನಗ ಎಡಕ್ಕೈತಿ.”

ನಕ್ಲು. “ಸೆಲ್ಫಿ ಅಲ್ರಿ ಸರ! ನನ್ನ ಫೋನಿನ್ಯಾಗ ಎಲ್ಲಾ ಉಲ್ಟಾ ಬರ್ತಾವ, ಕನ್ನಡ್ಯಾಗ ಕಂಡಂಗ.”

ಮೂಗುತಿ ಇದ್ದಾಕೀನ್ನ ನಾನ ಕತ್ತರಿಸಿ ಒಗದಿದ್ದೆ. ಹನ್ನೊಂದೂ ಉಲ್ಟಾ. ಹುಬ್ಬು, ತುಟಿ, ಮೂಗಿನ ಓರಿ, ಗದ್ದ — ಇಡೀ ಮುಖ ಆಚಿಂದೀಚೆ.

ಒಳಗಿಂದ ಉಜ್ವಲಾನ ಕನ್ನಡಿ ತಂದೆ, ಗ್ವಾಡಿ ಮೊಳಿ ಕಿತ್ತು. ಮಣ್ಣಿನ ಎದರಿಗೆ ಹಿಡದು, “ಹೊಳೆವ್ವಾ, ಮಣ್ಣು ನೋಡಬ್ಯಾಡ, ಇದರಾಗ ನೋಡು,” ಅಂದೆ.

ನೋಡಿದ್ಲು. “ಯವ್ವಾ ನನ್ನವ್ವಾ... ಸಪೂ...” ಕನ್ನಡಿಗೆ ಕೈ ಹಚ್ಚಿದ್ಲು, ಗಲ್ಲ ಸವರಿದ್ಲು. ಮನೀಷಾನೂ ಅತ್ಲು. ಕನ್ನಡಿ ಭಾರ ಆಗಾಕತ್ತಿತ್ತು. ಇಳಸಾಕ ಮನಸ್ಸಾಗಲಿಲ್ಲ.

೨ ಫೆಬ್ರುವರಿ

ಸಂಭಾಜಿನ್ನ ವಾಪಸ್ ಕಳಸಿದೆ, ಒಂಬತ್ತನೇ ತಾರೀಖಿಗೆ ಬಾ ಅಂತ. “ಕಾಯ್ ಸರ, ಮತ್ತ ಕರದದ್ಯಾಕ?” ಅಂತ ಅರ್ಧ ಮರಾಠಿಯಾಗ ಗೊಣಗಿದ. ಚಾ ಕುಡಿದ ಹೋದ.

ಸತ್ತೆಪ್ಪ ಫೋನ್ ಮಾಡಿ ಒದರಾಡಿದ. “ಎಡಾ ಬಲಾ ಊರಾಗ ಯಾರಿಗೆ ತಿಳೀತದ ಸರ?”

“ಒಬ್ಬಾಕಿಗೆ ತಿಳೀತದ,” ಅಂದೆ.

ಫೋನ್ ಇಟ್ಟ. ಬಲ ಹುಬ್ಬು ಕೆರದು ತಗದೆ. ಹುಬ್ಬಿಗೆ ಮುಗಿಯೂ ಕೆಲಸ ಅಲ್ಲ ಇದು.

೫ ಫೆಬ್ರುವರಿ

ಮೂರು ದಿನ ಸಿ.ಎಲ್. ಹಾಕೇನಿ. ಎಡಕ್ಕಿದ್ದದ್ದು ಬಲಕ್ಕ, ಬಲಕ್ಕಿದ್ದದ್ದು ಎಡಕ್ಕ. ಕೈ ಹಳೇ ಮುಖಕ್ಕ ಹೊಂದಿಕೊಂಡೈತಿ, ಮಾತು ಕೇಳವಲ್ದು. ಫೋಟೋಗಳನ್ನ ಬರೇ ಕನ್ನಡ್ಯಾಗ ನೋಡಿ ಮಾಡಾಕತ್ತೇನಿ.

ಉಜ್ವಲಾ ಅಂತಾಳ, ಫೋನಿಂದು ತಪ್ಪು, ನಿಮ್ಮದೇನೈತಿ? ಹಂಗ ಅನ್ಕೊಂಡ್ರ ಹಗುರಾಗಬೇಕು. ಆಗವಲ್ದು. ಮೂರು ವರ್ಷ ಖರೇನ ನೋಡಿದಾಂವ ಆಗಿದ್ರ ಮೊದಲ್ನೇ ಫೋಟೋಕ್ಕ ಹಿಡೀತಿದ್ದ. ವಾರಕ್ಕ ಎರಡು ಪಿರಿಯಡ್ ಆಕಿ ನನ್ನ ಮುಂದ ಕುಂತಿದ್ಲು. ನಾಚಿಕಿ ಆಗ್ತದ. ಬರೀಲಿಕ್ಕೂ.

೮ ಫೆಬ್ರುವರಿ, ಶನಿವಾರ, ಸಂಜಿ ೫

ಮೂರಕ್ಕ ಹೊಳೆವ್ವ ಬಂದ್ಲು. ಕನ್ನಡಿ ಒಳಗಿಟ್ಟಿದ್ದೆ. ಗೋಣಿತಟ್ಟು ತಗದೆ.

ಮಣ್ಣಿನ ಹಣಿ ಮ್ಯಾಲೆ ನೀರಿನ ಹನಿ ನಿಂತಿತ್ತು, ಸೆರಗಿಲೆ ಒತ್ತಿ ತಗದ್ಲು. “ಹಾಂ. ಬಂದ್ಲು,” ಅಂದ್ಲು.

ಅಷ್ಟಕ್ಕ ಬಿಟ್ಟಿದ್ರ ಆಗ್ತಿತ್ತು. ಬಿಡಾಕ ಆಗಲಿಲ್ಲ.

“ಹೊಳೆವ್ವಾ, ಒಂದು ಹೇಳೂದೈತಿ. ನನಗ ಸಪನಾ ನೆನಪಿಲ್ಲ. ಮೂರು ವರ್ಷ ಕಲಿಸೇನಿ, ಒಂದು ದಿನಾನೂ ನೆನಪಿಲ್ಲ.”

“ಗೊತ್ತೈತ್ರಿ.”

“ಗೊತ್ತೈತಿ?”

“ಮೊದಲ್ನೇ ದಿನಾನ ಗೊತ್ತಾತ್ರಿ. ಫೋಟೋ ಕೇಳಿದ್ರಲ್ಲ.”

ಮತ್ತ ಕೊಲ್ಲಾಪುರದವ್ರಿಗೆ ಯಾಕ ಕೊಡಲಿಲ್ಲ ಅಂತ ಕೇಳಿದೆ.

“ಅವ್ರಿಗೆ ಏನ್ ಕೇಳ್ಲಿರಿ? ಮನ್ಯಾಗಿಂದೆಲ್ಲಾ ನನಗ ಗೊತ್ತೈತಿ. ಸಾಲ್ಯಾಗ ಹೆಂಗಿದ್ಲು, ಅದೊಂದು ಗೊತ್ತಿಲ್ಲ. ನಾ ಸಾಲಿ ಮೆಟ್ಟಲಾ ಹತ್ತಿದಾಕಿ ಅಲ್ಲ.” ಸೆರಗು ಸರಿ ಮಾಡ್ಕೊಂಡ್ಲು. “ನೆನಪಿರದಿದ್ರೂ ನಡೀತದ್ರಿ ಸರ. ಏನರ ಹೇಳ್ರಿ.”

ಸ್ಟೂಲ್ ಎಳದು ಆಕಿ ಬಾಜೂಕ ಕುಂತೆ. ಸುರು ಮಾಡಿದೆ.

ಎಂಟನೇತ್ತೆಗೆ ಬಂದಾಗ ಭಾಳ ಸಣ್ಣಾಕಿ ಇದ್ಲವ್ವಾ. ಮೊದಲ್ನೇ ದಿನ ಬಣ್ಣದ ಡಬ್ಬಿ ತಂದಿದ್ದಿಲ್ಲ. ನಾ ಬೈದೆ. ಅಳಲಿಲ್ಲ ಆಕಿ. ಹಿಂಗ ತಲಿ ಎತ್ತಿ, ಎಡ ಹುಬ್ಬು ಏರಿಸಿ, ನನ್ನ ನೋಡಿದ್ಲು.